ಬಸುರಿ ಮನೆಯಲ್ಲಿ ಏಣು ಮುರಿಯಬಾರದೆ?

ಸ್ಕೂಲ್ ಮಕ್ಕಳು ಸ್ಕೇಲ್ ಇಟ್ಟು ಎಳೆಯುತ್ತಾರಲ್ಲ, ಅಂಥ ಗೆರೆ. ನೆಟ್ಟಗೆ, ಗೇಣುದ್ದ, ನೇರಳೆಹಣ್ಣಿನ ಬಣ್ಣ. ಹೋದ ಮಂಗಳವಾರ ಅದನ್ನು ನನ್ನ ಸೊಸೆಯ ಹೊಟ್ಟೆಯ ಮೇಲೆ ನೋಡಿದೆ.

ಎಂಟು ತಿಂಗಳ ಹೊಟ್ಟೆ.

ಆ ಗೆರೆ ಎಳೆದವಳು ನಾನೇ. ಹೇಗೆ ಅಂತ ಹೇಳುತ್ತೇನೆ. ಅರ್ಧ ಓದಿ ಪೇಪರ್ ಮಡಿಚಬೇಡಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಇರುವುದು ಗುಂಡಿಮಗ್ಗ. ನೋಡದವರಿಗೆ ಹೇಳಬೇಕು. ನೆಲದಲ್ಲಿ ಗುಂಡಿ ತೋಡಿರುತ್ತದೆ. ನೇಯುವವರು ಅದರ ಅಂಚಿಗೆ ಕೂತು ಕಾಲನ್ನು ಒಳಗೆ ಇಳಿಬಿಡಬೇಕು. ಕಾಲಿಗೆ ತುಳಿಯುವ ಹಲಗೆ. ಮುಂದೆ, ಹೊಟ್ಟೆಗೆ ತಾಗುವ ಹಾಗೆ, ಒಂದು ಅಡ್ಡಮರ. ನೇದ ಸೀರೆ ಆ ಮರಕ್ಕೇ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಚೌಕದ ಮರ, ನಾಲ್ಕು ಮುಖ. ಒಂದು ಸೀರೆ ಮುಗಿಯುವುದರೊಳಗೆ ನೇಯುವವರ ಹೊಟ್ಟೆ ಅದಕ್ಕೆ ಸಾವಿರ ಸಲ ಒರಗುತ್ತದೆ.

ನಾನು ನಲವತ್ತು ವರ್ಷ ಒರಗಿದ ಮರಕ್ಕೆ ಈ ಸಲ ಗೆದ್ದಲು ಹಿಡಿಯಿತು. ಒಂದು ತುದಿ ಹಿಡಿದು ಅಲುಗಿಸಿದರೆ ಹಿಟ್ಟು ಉದುರುತ್ತಿತ್ತು. ಹೊಸದು ಮಾಡಿಸಲೇಬೇಕಾಯಿತು. ಬಿ.ಜಿ. ಕೆರೆಯ ಬಡಗಿ ಈರಾಚಾರಿಗೆ ಹೇಳಿದೆ. ಅವರಪ್ಪನೇ ನಮ್ಮ ಹಳೇ ಮರ ಮಾಡಿಕೊಟ್ಟವನು.

ಈರಾಚಾರಿ ತನ್ನ ಶೆಡ್‌ನಲ್ಲೇ ಮರ ಕೊಯ್ದು, ಸಾಪು ಮಾಡಿ, ಬಸ್ಸಿನ ಟಾಪ್ ಮೇಲೆ ಹಾಕಿಕೊಂಡು ತಂದ. ಮಗ್ಗಕ್ಕೆ ಕೂರಿಸಿದ. ನೋಡಿದರೆ ಕಣ್ಣಿಗೆ ಹಬ್ಬ. ನಾಲ್ಕು ಮುಖವೂ ಕನ್ನಡಿ. ಎರಡು ಮುಖ ಸೇರುವ ಕಡೆ ಅಂಚು ಎಷ್ಟು ಚೂಪು ಅಂದರೆ, ಅಲ್ಲಿ ಬೆರಳು ಸವರಿ ನಾನೇ ಕೈ ಹಿಂದೆ ತೆಗೆದೆ.

ಆ ಚೂಪು ಅಂಚಿಗೆ ಅವನ ಕಸುಬಿನಲ್ಲಿ ಏಣು ಅನ್ನುತ್ತಾರೆ.

"ವರಲಕ್ಷ್ಮಮ್ಮನ್ನ ಒಂದ್ ಗಳಿಗೆ ಕೂರ್ಸಿ ಅಮ್ಮ" ಅಂದ. ವರಲಕ್ಷ್ಮಿ ನನ್ನ ಸೊಸೆ. "ಎಲ್ಲಿ ಮೈಗೆ ತಾಗುತ್ತೆ ಅಂತ ಸೀಮೆಸುಣ್ಣದಾಗೆ ಗುರ್ತು ಹಾಕ್ಕಂತೀನಿ. ಆಮೇಲೆ ಅಲ್ಲಿ ಏಣು ಮುರೀತೀನಿ."

ಇದು ಅವರ ಪದ್ಧತಿ. ಮರ ಶೆಡ್‌ನಲ್ಲಿ ತಯಾರಾದರೂ ಏಣು ಮಾತ್ರ ನೇಯುವವರ ಮನೆಯಲ್ಲೇ ಮುರಿಯಬೇಕು. ಕೂತವರ ಮೈ ನೋಡಿ, ಆ ಚೂಪನ್ನು ಓರೆಯಾಗಿ ಕೆತ್ತಿ, ಉಜ್ಜಿ, ಸಣ್ಣ ಇಳಿಜಾರು ಮಾಡುತ್ತಾರೆ. ಕುಳ್ಳಗಿರುವವರಿಗೆ ಒಂದು ಓರೆ, ಎತ್ತರದವರಿಗೆ ಒಂದು ಓರೆ. ರೇಷ್ಮೆಗೆ ಮಡಿಕೆಯ ಗೆರೆ ಬೀಳುವುದಿಲ್ಲ, ಮೈಗೆ ಚುಚ್ಚುವುದಿಲ್ಲ. ನನಗೆ ಇದು ಗೊತ್ತಿಲ್ಲದ್ದೇನಲ್ಲ. ನನ್ನ ಮೈಗೂ ಅವರಪ್ಪ ಹಾಗೇ ಮುರಿದುಕೊಟ್ಟಿದ್ದ.

ಆದರೆ ಆವತ್ತು ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು.

ಮುರೀತೀನಿ. ಎಂಟು ತಿಂಗಳ ಬಸುರಿ ಇರುವ ಮನೆಯಲ್ಲಿ ಒಬ್ಬ ಉಳಿ ಹಿಡಿದು ನಿಂತು ಮುರೀತೀನಿ ಅನ್ನುತ್ತಾನೆ!

ನಿಮ್ಮ ಮನೆಯಲ್ಲೂ ಇರುತ್ತದೆ ಈ ಶಾಸ್ತ್ರ. ಬಸುರಿ ಇರುವ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು. ಒಲೆ ಕೆಡವಬಾರದು. ಬಾಗಿಲು ಕೀಳಬಾರದು. ಗಂಡ ಕ್ಷೌರ ಮಾಡಿಸಬಾರದು. (ನನ್ನ ಮಗ ತಿಪ್ಪೇಸ್ವಾಮಿ ಈಗ ಭಿಕ್ಷೆಗೆ ಹೊರಟ ಸಾಧುವಿನ ಥರ ಕಾಣುತ್ತಾನೆ. ಇರಲಿ.) ಇವನ್ನೆಲ್ಲ ನಾನು ಚಾಚೂ ತಪ್ಪದೆ ನಡೆಸಿದವಳು.

"ಏನಂದೆ ನೀನು? ಮುರೀತೀಯಾ? ಕಣ್ಣು ಕಾಣ್ಸಲ್ವಾ ನಿಂಗೆ? ಒಳಗೆ ಯಾರವ್ರೆ ನೋಡು."

ಅವನು ಪಾಪ, ನಕ್ಕ. "ಅಯ್ಯೋ, ಮರದ ಏಣು ಅಮ್ಮ. ಮುರೀದೆ ಇದ್ರೆ ಅದು ಮರ ಅಲ್ಲ, ಮಚ್ಚು."

"ಬ್ಯಾರೆ ಮಾತು ಇಲ್ವಾ ನಿಮ್ಮ ಕಸುಬಿನಾಗೆ?"

"ಐತೆ. ಚಳ್ಳಕೆರೆ ಸಾಮಿಲ್‌ನಾಗೆ ಚಾಂಪರ್ ಹೊಡಿ ಅಂತಾರೆ. ಹಂಗಂತ ಅನ್ಕಳಿ."

"ಹಂಗಂದ್ರೇನು?"

"ಅದೂ ಇದೇಯ."

ನನಗೆ ಇನ್ನೂ ಉರಿಯಿತು. ಅವನಾದರೂ ಅಲ್ಲಿಗೆ ಸುಮ್ಮನಾಗಬೇಕೋ ಬೇಡವೋ? ಸಮಾಧಾನ ಮಾಡುತ್ತೇನೆ ಅಂತ ಹೊರಟ.

"ನೋಡಿ ಅಮ್ಮ, ನಮ್ಮಪ್ಪ ಹೇಳೋನು. ಮರಕ್ಕೆ ಏಣು ಅನ್ನೋದು ಇರಂಗಿಲ್ಲ. ಮರ ದುಂಡಗೇ ಹುಟ್ಟಿ ದುಂಡಗೇ ಬೆಳೀತದೆ. ಗರಗಸ ಹಾಕ್ದಾಗ ಏಣು ಹುಟ್ಟುತ್ತೆ. ಹುಟ್ಸಿದ್ದು ನಾವು, ಅದ್ಕೇ ಮುರಿಯೋದೂ ನಾವೇ. ಆ ಮಾತು ಬಂದಿದ್ದೇ ಹಂಗೆ."

ಹುಟ್ಟಿಸಿದ್ದು ನಾವು, ಮುರಿಯೋದೂ ನಾವೇ. ಯಾರ ಮನೆಯಲ್ಲಿ ನಿಂತು ಯಾವ ಮಾತು!

"ಹೊರಗೆ ನಡಿ" ಅಂದೆ. "ಹೆರಿಗೆ ಆಗಿ ಹನ್ನೊಂದು ದಿನ ಕಳೀಲಿ. ಅಲ್ಲೀತಂಕ ಈ ಮರಕ್ಕೆ ಉಳಿ ತಾಕ್ಸಂಗಿಲ್ಲ."

"ಬೀದಿಗೆ ತಗಂಡ್ಹೋಗಿ ಮಾಡ್ಲಾ?"

"ಬೀದಿಗೆ ಹೋದ್ರೆ ಅದು ನಮ್ಮ ಮನೆ ಮರ ಅಲ್ವಾ?"

ಅವನು ಉಪಕರಣ ಚೀಲಕ್ಕೆ ತುಂಬಿಕೊಂಡ. ಹೊಸ್ತಿಲು ದಾಟುವಾಗ ನನ್ನನ್ನು ಬಿಟ್ಟು ತಿಪ್ಪೇಸ್ವಾಮಿಗೆ ಹೇಳಿದ: "ಅಣ್ಣ, ಆಯಮ್ಮನ್ನ ಇದ್ರಾಗೆ ಕೂರುಸ್ಬ್ಯಾಡಿ."

ತಿಪ್ಪೇಸ್ವಾಮಿ ನನ್ನ ಮುಖ ನೋಡಿದ.

ಈಗ ನೀವು ಕೇಳಬಹುದು, ಅಷ್ಟೊಂದು ಹೆದರಿಕೆ ಯಾಕೆ ನಿನಗೆ ಅಂತ. ನನ್ನ ಎರಡನೇ ಮಗು ಸತ್ತು ಹುಟ್ಟಿತು. ಆ ತಿಂಗಳಲ್ಲೇ ನಮ್ಮ ಯಜಮಾನರು ನಡುಮನೆಯ ಬಾಗಿಲ ಚೌಕಟ್ಟು ಕೀಳಿಸಿ ಹೊಸದು ಇಡಿಸಿದ್ದರು. ಅದಕ್ಕೇ ಹೀಗಾಯಿತು ಅಂದರು ನಮ್ಮ ಅತ್ತೆ. ನಂಬಿದೆ. ನಂಬದೆ ಏನು ಮಾಡಬೇಕಿತ್ತು? ಸುಮ್ಮಸುಮ್ಮನೆ ಸತ್ತಿತು ಅಂದುಕೊಂಡು ಬದುಕುವುದಕ್ಕಿಂತ, ಬಾಗಿಲಿಂದ ಸತ್ತಿತು ಅಂದುಕೊಳ್ಳುವುದು ಸುಲಭ. ಬಾಗಿಲನ್ನಾದರೂ ಬೈಯಬಹುದು.

ಅಷ್ಟೇ ಕಥೆ. ಅದರ ಮೇಲೆ ಅಳುವುದೇನೂ ಇಲ್ಲ. ಆದರೆ ಅವತ್ತಿನಿಂದ ಬಸುರಿ ಇರುವ ಮನೆಯಲ್ಲಿ ಉಳಿ, ಸುತ್ತಿಗೆ ಕಂಡರೆ ನನಗೆ ಹಾವು ಕಂಡ ಹಾಗೆ.

ಹಾಗಾದರೆ ಸೊಸೆಯನ್ನು ಮಗ್ಗಕ್ಕೆ ಯಾಕೆ ಕೂರಿಸಿದೆ? ಕೇಳಿ, ತಪ್ಪಿಲ್ಲ. ನಮ್ಮಲ್ಲಿ ಬಸುರಿ ನೇಯುವುದು ಹೊಸದಲ್ಲ. ನೋವು ಕಾಣಿಸಿಕೊಳ್ಳುವ ದಿನದವರೆಗೆ ನಾನು ಗುಂಡಿಯಲ್ಲಿ ಕೂತಿದ್ದವಳು. "ಬೆಳಗ್ಗೆ ಎರಡು ತಾಸು, ಮಧ್ಯಾಹ್ನ ಒಂದು ತಾಸು ಕೂತ್ಕ, ಮೈ ಹಗುರಾಗಿರುತ್ತೆ" ಅಂದೆ. ಅವಳು "ಹೂಂ ಅತ್ತಮ್ಮ" ಅಂದಳು. ಅವಳು ಯಾವುದಕ್ಕೆ ಹೂಂ ಅಂದಿಲ್ಲ?

(ಮನೆಯೊಳಗೆ ನಾವು ಆಡುವುದು ತೆಲುಗು. ನಿಮಗಾಗಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.)

ಹನ್ನೊಂದು ದಿನ ನೇದಳು.

ಹೋದ ಮಂಗಳವಾರ ನಾನು ಹಿತ್ತಲಲ್ಲಿ ಕಡ್ಲೆಕಾಯಿ ಬಿಡಿಸುತ್ತಾ ಕೂತಿದ್ದೆ. ಮಗ್ಗದ ಸದ್ದು ಕೇಳುತ್ತಿತ್ತು. ಮಗ್ಗದ ಮನೆಯವರಿಗೆ ಆ ಸದ್ದು ಉಸಿರಿದ್ದ ಹಾಗೆ, ಇರುವಾಗ ಗಮನಕ್ಕೇ ಬರುವುದಿಲ್ಲ. ನಿಂತಾಗ ಗೊತ್ತಾಗುತ್ತದೆ. ನಿಂತಿತು. ಎಳೆ ಕಡಿದಿರಬೇಕು, ಕಟ್ಟುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಧಪ್ ಅಂತ ಒಂದು ಸದ್ದು. "ಅಮ್ಮಾ" ಅಂತ ಒಂದು ಕೂಗು. ಸಣ್ಣ ಕೂಗು. ದೊಡ್ಡದಾಗಿ ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಏಮಯ್ಯಿಂದೇ?" ಅಂತ ಓಡಿದೆ. ಏನಾಯಿತೇ ಅಂತ.

ಎಳೆ ಕಟ್ಟಲು ಮುಂದಕ್ಕೆ ಬಗ್ಗಿದ್ದಳು. ಕಾಲು ಹಲಗೆಯಿಂದ ಜಾರಿತ್ತು. ಇಡೀ ಮೈಭಾರ ಆ ಹೊಸ ಮರದ ಮೇಲೆ ಬಿದ್ದಿತ್ತು. ಎರಡು ಕೈಯಲ್ಲಿ ಹೊಟ್ಟೆ ಹಿಡಿದು ಕೂತಿದ್ದಳು. ಮುಖ ಸುಣ್ಣದ ಗೋಡೆ.

"ನೋವೈತಾ?"

"ಇಲ್ಲ ಅತ್ತಮ್ಮ."

"ನೀರು ಹೋಯ್ತಾ? ರಕ್ತ?"

"ಇಲ್ಲ."

"ಮತ್ತೆ ಯಾಕಿಂಗೆ ಕೂತಿದೀಯ?"

ಮೆಲ್ಲಗೆ ಅಂದಳು: "ಒದೀತಾ ಇತ್ತು ಅತ್ತಮ್ಮ. ಈಗ ಒದೀತಾ ಇಲ್ಲ."

ಹದಿನೈದು ನಿಮಿಷ ಕಾದೆವು. ಅರ್ಧ ಗಂಟೆ ಕಾದೆವು. ಬೆಲ್ಲದ ನೀರು ಕುಡಿಸಿದೆ. ಎಡಮಗ್ಗುಲು ಮಲಗಿಸಿದೆ. ಹೊಟ್ಟೆಯ ಮೇಲೆ ಕೈಯಿಟ್ಟೆ. ನಲವತ್ತು ವರ್ಷ ನೇದು ದಡ್ಡುಗಟ್ಟಿದ ಕೈ, ಒಳಗಿನದು ಅಲುಗಿದರೂ ನನಗೆ ಹೇಗೆ ಗೊತ್ತಾಗಬೇಕು?

ಅವಳ ತಿಂಗಳ ಚೆಕಪ್ ನಡೆಯುತ್ತಿದ್ದದ್ದು ಚಳ್ಳಕೆರೆಯ ಒಬ್ಬ ಲೇಡಿ ಡಾಕ್ಟರ್ ಹತ್ತಿರ. ಜೀಪು ಹುಡುಕುತ್ತೇನೆ ಅಂತ ಹೋದ ತಿಪ್ಪೇಸ್ವಾಮಿ ಬರಿಗೈಯಲ್ಲಿ ಬಂದ. ಊರಿನ ಜೀಪೆಲ್ಲ ಯಾವುದೋ ಮದುವೆಗೆ ಹೋಗಿದ್ದವಂತೆ. ಅಷ್ಟರಲ್ಲಿ ಬಸ್ಸು ಬಂತು. ಮೂವರೂ ಹತ್ತಿದೆವು. ಬೇರೆ ಏನು ಮಾಡುವುದು?

ಆ ಬಸ್ಸು. ಒಂದೊಂದು ಹಳ್ಳಕ್ಕೂ ನಾನು ಅವಳ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ, ಬಿದ್ದುಹೋಗುತ್ತದೇನೋ ಅನ್ನುವಂತೆ. ಪಕ್ಕದ ಸೀಟಿನಲ್ಲಿ ಪರಶುರಾಂಪುರದ ಕಡೆಯ ಒಬ್ಬ ಹೆಂಗಸು. ಕಾಲ ಕೆಳಗೆ ಈರುಳ್ಳಿ ಚೀಲ, ಬಾಯಲ್ಲಿ ಎಲೆಅಡಿಕೆ.

"ಎಷ್ಟ್ರಾಗವ್ಳೆ?"

"ಎಂಟು."

"ಎಂಟಾ? ಏಳ್ರಾಗೆ ಹುಟ್ಟಿದ್ದು ಉಳಿತದೆ, ಎಂಟ್ರಾಗೆ ಹುಟ್ಟಿದ್ದು ಉಳಿಯಂಗಿಲ್ಲ ಅಂತಾರಪ್ಪ. ನಮ್ಮ ಓಣ್ಯಾಗೆ..."

"ನಿಮ್ಮ ಓಣಿ ಸುದ್ದಿ ನಿಮ್ಮ ಓಣ್ಯಾಗೇ ಇಟ್ಕಳವ್ವ. ಈರುಳ್ಳಿ ಉರುಳ್ತಾ ಐತೆ, ನೋಡ್ಕ."

ಅವಳು ಮುಖ ತಿರುಗಿಸಿದಳು. ನಾನು ಗೆದ್ದೆ. ಆದರೆ ಅವಳ ಮಾತು ಚಳ್ಳಕೆರೆಯವರೆಗೂ ನಮ್ಮ ಸೀಟಿನಲ್ಲೇ ಕೂತಿತ್ತು. ಬಾಯಿ ಮುಚ್ಚಿಸಿದರೆ ಮಾತು ಸಾಯುತ್ತದೆಯೆ?

ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಿತು. ರಸ್ತೆಯ ಪಕ್ಕದಲ್ಲೇ ಈರಾಚಾರಿಯ ಶೆಡ್. ಅವನು ಹೊರಗೆ ಕೂತು ಒಂದು ಮಂಚದ ಕಾಲು ಉಜ್ಜುತ್ತಿದ್ದ. ತಲೆಯೆತ್ತಿ ಬಸ್ಸಿನ ಕಡೆ ನೋಡಿದ. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಅರವತ್ತೆಂಟು ವರ್ಷದ ಹೆಂಗಸು, ಯಾವ ಗಂಡಸಿಗೂ ತಲೆ ತಗ್ಗಿಸದವಳು, ಸೀಟಿನಲ್ಲಿ ಬಗ್ಗಿ ಕೂತೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಅವಳನ್ನು ಮೇಜಿನ ಮೇಲೆ ಮಲಗಿಸಿ ಸೀರೆ ಸಡಿಲಿಸಲು ಹೇಳಿದರು. ಸಡಿಲಿಸಿದಾಗ ಸೊಂಟದಿಂದ ಒಂದು ಟವಲ್ ಕೆಳಗೆ ಬಿತ್ತು. ನಾಲ್ಕು ಮಡಿಕೆ ಹಾಕಿ, ಹೊಲಿಗೆ ಹಾಕಿ, ದಿಂಬಿನ ಥರ ಮಾಡಿದ ಟವಲ್. ಅದು ಯಾಕಿತ್ತು ಅಂತ ಆಗ ನನಗೆ ಹೊಳೆಯಲಿಲ್ಲ. ಕಣ್ಣು ಹೊಟ್ಟೆಯ ಮೇಲಿನ ಗೆರೆಗೆ ಅಂಟಿಕೊಂಡಿತ್ತು.

"ಇದೇನಿದು?" ಅಂದರು ಡಾಕ್ಟರ್.

"ಮಗ್ಗದ ಮರದ ಮೇಲೆ ಬಿದ್ಲು" ಅಂದೆ.

ಅವರು ತುತ್ತೂರಿಯಂಥ ಒಂದು ಕೊಳವೆಯನ್ನು ಹೊಟ್ಟೆಗೆ ಊರಿ ಇನ್ನೊಂದು ತುದಿಗೆ ಕಿವಿಯಿಟ್ಟರು. ಕಣ್ಣು ಮುಚ್ಚಿದರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು.

"ಫ್ಯಾನ್ ಆಫ್ ಮಾಡಿ" ಅಂದರು.

ಫ್ಯಾನ್ ನಿಲ್ಲಲು ಎಷ್ಟು ಹೊತ್ತು ಬೇಕು? ನೀವು ಯಾವತ್ತಾದರೂ ನೋಡಿದ್ದೀರಾ? ಸ್ವಿಚ್ ಒತ್ತಿದ ಮೇಲೂ ಅದು ಸುತ್ತುತ್ತದೆ, ಸುತ್ತುತ್ತದೆ, ಒಂದೊಂದು ರೆಕ್ಕೆ ಕಾಣುವವರೆಗೂ ಸುತ್ತುತ್ತದೆ. ನಾನು ಆ ರೆಕ್ಕೆಗಳನ್ನೇ ನೋಡುತ್ತಾ ನಿಂತಿದ್ದೆ. ಡಾಕ್ಟರ್ ಮುಖ ನೋಡುವ ಧೈರ್ಯ ಇರಲಿಲ್ಲ. ದೇವರ ಹೆಸರು ಕೂಡ ನೆನಪಾಗಲಿಲ್ಲ. (ಇಷ್ಟು ವರ್ಷ ದೀಪ ಹಚ್ಚಿ ಏನು ಬಂತು?)

ಡಾಕ್ಟರ್ ಎಡಗೈ ಎತ್ತಿ ವಾಚು ನೋಡಿದರು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದರು.

ಇಲ್ಲದ್ದನ್ನು ಯಾರೂ ಎಣಿಸುವುದಿಲ್ಲವಲ್ಲ. ಅಲ್ಲಿದ್ದ ಸ್ಟೂಲ್ ಎಳೆದುಕೊಂಡು ಕೂತೆ.

"ಎದೆಬಡಿತ ಇದೆ" ಅಂದರು. ಆಮೇಲೆ ಸ್ಕ್ಯಾನಿಂಗ್ ಮಾಡಿದರು. ಒಂದು ರಾತ್ರಿ ಅಲ್ಲೇ ಇಟ್ಟುಕೊಂಡರು. ಬುಧವಾರ ಕಳಿಸುವಾಗ ನನ್ನನ್ನೂ ವರಲಕ್ಷ್ಮಿಯನ್ನೂ ಕೂರಿಸಿ ಹೇಳಿದರು.

"ಸದ್ಯಕ್ಕೆ ಮಗು ಚೆನ್ನಾಗಿದೆ. ಆದ್ರೆ ಇಂಥ ಪೆಟ್ಟು ಬಿದ್ಮೇಲೆ ಕೆಲವು ಸಲ ತಡವಾಗಿ ತೊಂದ್ರೆ ಬರುತ್ತೆ. ರಕ್ತ ಕಂಡ್ರೆ, ಹೊಟ್ಟೆ ಕಲ್ಲಿನ ಥರ ಬಿಗಿದ್ರೆ, ಒದೆಯೋದು ಕಡಿಮೆ ಆದ್ರೆ, ಒಂದು ನಿಮಿಷ ಕಾಯಬೇಡಿ. ಒದೆಯೋದು ಮಾತ್ರ ಹೊರಗಿನವರಿಗೆ ಗೊತ್ತಾಗಲ್ಲ. ಇವಳೇ ಹೇಳ್ಬೇಕು. ಸರಿಯಾಗಿ ಹೇಳ್ಬೇಕು."

"ಹೇಳ್ತಾಳೆ ಬಿಡಿ" ಅಂದೆ ನಾನು.

ವಾಪಸ್ಸು ಬರುವಾಗ ಜೀಪು ಸಿಕ್ಕಿತು. ತಳಕು ದಾಟಿದ ಮೇಲೆ ಆ ಟವಲ್ ನೆನಪಾಯಿತು.

"ಅದೇನೇ, ಸೊಂಟಕ್ಕೆ ಟವಲ್ ಕಟ್ಕಂಡಿದ್ದಿ?"

ಅವಳು ಕಿಟಕಿಯ ಕಡೆ ನೋಡಿದಳು.

"ನಿನ್ನನ್ನೇ ಕೇಳ್ತಿರೋದು."

"ಚುಚ್ತಿತ್ತು ಅತ್ತಮ್ಮ."

"ಯಾವಾಗಿಂದ?"

"ಕೂತ ದಿನದಿಂದ."

ಹನ್ನೊಂದು ದಿನ! ಹನ್ನೊಂದು ದಿನ ಆ ಏಣು ಅವಳನ್ನು ಒತ್ತಿದೆ. ಟವಲ್ ಸುತ್ತಿಕೊಂಡು ಕೂತಿದ್ದಾಳೆ. ಸ್ನಾನಕ್ಕೆ ಹೋದಾಗ ಬಿಚ್ಚಿಟ್ಟು, ನನ್ನ ಕಣ್ಣಿಗೆ ಬೀಳದಂತೆ ಮತ್ತೆ ಕಟ್ಟಿಕೊಂಡಿದ್ದಾಳೆ.

"ಬಾಯಿಲ್ವಾ ನಿಂಗೆ? ಹೇಳೋಕೇನಾಗಿತ್ತು ದಾಡಿ?"

ಮುಂದಿನ ಸೀಟಿನಿಂದ ತಿಪ್ಪೇಸ್ವಾಮಿ ಹೇಳಿದ, ತಿರುಗಿ ನೋಡದೆ: "ಈಗ ಹೆಂಗೆ ಕೇಳ್ತಾ ಇದೀಯೋ, ಹಂಗೇ ಕೇಳ್ತೀಯ ಅಂತ್ಲೇ ಅವ್ಳು ಹೇಳ್ಲಿಲ್ಲ ಅಮ್ಮ."

"ನಿಂಗೂ ಗೊತ್ತಿತ್ತಾ?"

"ಆ ಟವಲ್ ಹೊಲ್ದು ಕೊಟ್ಟೋನು ನಾನೇ."

ಜೀಪಿನ ಡ್ರೈವರ್ ರೇಡಿಯೋದ ಸದ್ದು ಜಾಸ್ತಿ ಮಾಡಿದ. ಬುದ್ಧಿವಂತ.

ನನ್ನ ಮಗ, ಊರಿನಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುವ ಗಂಡಸು, ಅಮ್ಮನಿಗೆ ಒಂದು ಮಾತು ಹೇಳಲಾರದೆ ರಾತ್ರಿ ಕೂತು ಸೂಜಿದಾರದಲ್ಲಿ ಟವಲ್ ಹೊಲಿದಿದ್ದಾನೆ. ನಾನು ಉಳಿಗೆ ಹೆದರಿ, ಮಾತಿಗೆ ಹೆದರಿ ಕೂತಿದ್ದೆ. ಇವರು ನನಗೆ ಹೆದರಿ ಕೂತಿದ್ದರು. ಈರಾಚಾರಿಗೆ ಹೆದರುವುದಕ್ಕೆ ಯಾರೂ ಇರಲಿಲ್ಲ, ಅದಕ್ಕೇ ನಿಜ ಹೇಳಿ ಹೋದ.

ಗುರುವಾರ ಮೇಷ್ಟ್ರು ಬಂದರು. ಪಕ್ಕದ ಬೀದಿಯ ಹೈಸ್ಕೂಲ್ ಮೇಷ್ಟ್ರು, ನಾನು ಗೀಚಿದ್ದನ್ನು ತಿದ್ದಿ ಪೇಪರ್‌ಗೆ ಕಳಿಸುವವರು. (ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ನನಗೂ ಅವರಿಗೂ ಸೇರಿದ ಆಸ್ತಿ.) ಈ ವಾರ ಬರೆದಿಲ್ಲ ಅಂದೆ. ಯಾಕೆ ಅಂತ ಕೇಳಿದರು. ಹೇಳಿದೆ. ಎಲ್ಲ ಕೇಳಿಕೊಂಡು ಅವರು ಹಿಡಿದದ್ದು ಮಾತ್ರ ಚಾಂಪರ್ ಅನ್ನುವ ಆ ಒಂದು ಪದವನ್ನು. ಮೇಷ್ಟ್ರುಗಳ ಜಾತಿಯೇ ಹಾಗೆ. ಮನೆಗೆ ಬೆಂಕಿ ಬಿದ್ದರೂ ಬೆಂಕಿಯ ಬಹುವಚನ ಕೇಳುತ್ತಾರೆ.

ಸಾಯಂಕಾಲ ದಪ್ಪ ಡಿಕ್ಷನರಿ ಹೊತ್ತುಕೊಂಡೇ ಬಂದರು.

"ಅಮ್ಮಾ, ಸಿಕ್ತು. ಇದು ಇಂಗ್ಲಿಷ್ ಪದ. ಮರದ ಚೂಪು ಅಂಚನ್ನ ಓರೆಯಾಗಿ ಕೆತ್ತಿ ತೆಗೆಯೋದು ಅಂತ ಅರ್ಥ. ಆದ್ರೆ ಇಂಗ್ಲಿಷ್‌ನೋರಿಗೂ ಇದು ಸ್ವಂತದ್ದಲ್ಲ. ಹಳೇ ಫ್ರೆಂಚ್‌ನಿಂದ ಬಂದಿದ್ದು. ಅಲ್ಲಿ ಇದು ಎರಡು ಮಾತು ಸೇರಿ ಆಗಿರೋದು. ಮೊದಲನೇದು ಅಂಚು. ಎರಡನೇದು ಏನು ಹೇಳಿ?"

"ನೀವೇ ಹೇಳ್ಬಿಡಿ ಮೇಷ್ಟ್ರೆ, ನನ್ನ ಪರೀಕ್ಷೆ ಮಾಡ್ಬ್ಯಾಡಿ."

"ಮುರಿ! ಏಣು, ಮುರಿ. ನಮ್ಮ ಈರಾಚಾರಿ ಹೇಳಿದ್ದೇ ಅಲ್ಲೂ ಇದೆ."

ಎಲ್ಲಿಯ ಫ್ರಾನ್ಸ್, ಎಲ್ಲಿಯ ಬಿ.ಜಿ. ಕೆರೆ! ಆ ದೇಶದ ಬಡಗಿಯೂ ಉಳಿ ಹಿಡಿದು, ಯಾರದೋ ಮನೆಯಲ್ಲಿ ನಿಂತು, ಏಣು ಮುರೀತೀನಿ ಅಂದಿದ್ದಾನೆ. ಮರ ಮುಟ್ಟಿದವರಿಗೆಲ್ಲ ಅದೇ ಮಾತು ತೋಚಿದೆ. ಮುರಿದರೇ ಮರ ಮನುಷ್ಯರ ಹತ್ತಿರ ಬರುವುದಕ್ಕೆ ಲಾಯಕ್ಕು ಅಂತ ಎರಡು ಕಡೆಯವರಿಗೂ ಗೊತ್ತಾಗಿದೆ.

"ಆ ಕಡೆ ಬಸುರಿ ಹೆಂಗಸರು ಇರ್ತಿರಲಿಲ್ವಾ ಮೇಷ್ಟ್ರೆ?"

"ಇರದೆ ಏನು? ಇದ್ದಿದ್ದಕ್ಕೇ ಅಲ್ವಾ ಅಷ್ಟು ಜನ ಇರೋದು?"

"ಅವ್ರ ಮನೇನಾಗೆ ಮುರ್ದಾಗ ಏನೂ ಆಗ್ಲಿಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ಡಿಕ್ಷನರೀಲಿ ಇಲ್ಲಮ್ಮ" ಅಂದರು.

ಅದೇ ತಾನೇ ನನಗೆ ಬೇಕಾಗಿದ್ದದ್ದು?

ಶುಕ್ರವಾರ ಈರಾಚಾರಿಗೆ ಹೇಳಿ ಕಳಿಸಿದೆ. ಬಂದ. ಬಸ್ಸಿನಲ್ಲಿ ನಾನು ಮುಖಕ್ಕೆ ಸೆರಗು ಎಳೆದುಕೊಂಡಿದ್ದನ್ನು ಬಾಯಿಗೆ ತರುತ್ತಾನೋ ಅಂತ ಕಾದೆ. ತರಲಿಲ್ಲ. ಮರ ನೋಡಿದ, ಅದರ ಏಣಿನ ಮೇಲೆ ಹೆಬ್ಬೆರಳು ಎಳೆದ.

"ಯಾರ ಮೈಗೆ ಮುರೀಲಿ ಅಮ್ಮ? ಆಯಮ್ಮನ್ನ ಏಳುಸ್ಬ್ಯಾಡಿ."

ನಾನೇ ಗುಂಡಿಗೆ ಇಳಿದೆ. ಸೊಂಟ ಹಿಡಿದುಕೊಂಡಿತು, ಆದರೂ ಇಳಿದೆ. ಅವಳಷ್ಟು ಮುಂದಕ್ಕೆ ಬರಲು ಹೊಟ್ಟೆಗೆ ಒಂದು ದಿಂಬು ಕಟ್ಟಿಕೊಂಡೆ. ಈರಾಚಾರಿಗೆ ನಗು ತಡೆಯಲಾಗಲಿಲ್ಲ. "ಅಮ್ಮ, ನಿಮ್ಗೆ ಎಷ್ಟ್ರಾಗೆ?" ಅಂದ. ಬೇರೆ ದಿನವಾಗಿದ್ದರೆ ಒಂದು ಬಿಡುತ್ತಿದ್ದೆ.

ಬಗ್ಗಿ ಮರಕ್ಕೆ ಒರಗಿದೆ. ಅಷ್ಟು ದಪ್ಪ ದಿಂಬಿನ ಮೇಲೂ ಆ ಏಣು ಗೊತ್ತಾಯಿತು. ಅವಳದು ನಾಲ್ಕು ಮಡಿಕೆಯ ಟವಲ್.

ಅವನು ಸೀಮೆಸುಣ್ಣದ ಗುರುತು ಹಾಕಿದ. ಉಳಿ ಇಟ್ಟ. ಮೊದಲ ಸಿಪ್ಪೆ ಎದ್ದಾಗ ಆ ದಿಂಬನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ನಾನು ಬದಲಾದೆ ಅಂತ ಬರೆಯುತ್ತೇನೆ ಅಂದುಕೊಂಡಿರಾ? ಇಲ್ಲ. ಹೆದರಿಕೆ ಡಿಕ್ಷನರಿ ನೋಡಿ ಹೋಗುವ ಸಾಮಾನಲ್ಲ. ಒಂದೊಂದು ಸಿಪ್ಪೆಗೂ ಒಳಕೋಣೆಯ ಕಡೆ ತಿರುಗಿ ಕೂಗುತ್ತಿದ್ದೆ.

"ಒದೀತಾ ಐತೇನೇ?"

"ಹೂಂ ಅತ್ತಮ್ಮ."

ಇನ್ನೊಂದು ಸಿಪ್ಪೆ.

"ಈಗ?"

"ಹೂಂ ಅತ್ತಮ್ಮ."

"ಅಮ್ಮ, ನೀವು ಕೂಗೋ ಕೂಗಿಗೆ ಅದು ಹೊರಗೇ ಬಂದ್ಬಿಟ್ಟಾತು" ಅಂದ ಈರಾಚಾರಿ.

ಮುರಿದು ಮುಗಿಸಿದ. ಚೂಪು ಹೋಗಿ ಅರ್ಧ ಬೆರಳಗಲದ ಇಳಿಜಾರು ಬಂತು. ಅಂಗೈ ಸವರಿದರೆ ನೀರಿನ ಹಾಗೆ ಜಾರುತ್ತದೆ. ಹದಿನೈದು ನಿಮಿಷದ ಕೆಲಸ. ಅವತ್ತೇ ಮಾಡಿಸಿದ್ದರೂ ಹದಿನೈದೇ ನಿಮಿಷ.

ವರಲಕ್ಷ್ಮಿ ಈಗ ಮಗ್ಗದ ಹತ್ತಿರ ಹೋಗುವುದಿಲ್ಲ. ಹೆರಿಗೆಗೆ ಇನ್ನೂ ಐದಾರು ವಾರ ಇದೆ. ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿರುತ್ತಾಳೆ. ಗೆರೆ ನೇರಳೆಯಿಂದ ಹಸಿರಾಗಿ, ಹಸಿರಿನಿಂದ ಹಳದಿಯಾಗುತ್ತಿದೆ. ರಕ್ತ ಕಂಡಿಲ್ಲ. ಹೊಟ್ಟೆ ಬಿಗಿದಿಲ್ಲ. ಇವೆರಡನ್ನು ನಾನು ಕಣ್ಣಿಂದ ನೋಡಬಲ್ಲೆ, ಕೈಯಿಂದ ಮುಟ್ಟಬಲ್ಲೆ. ಮೂರನೆಯದನ್ನು ಅವಳೇ ಹೇಳಬೇಕು.

ದನಿ ತಗ್ಗಿಸಿ ಕೇಳಲು ಕಲಿಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಅದು ಹೊಸ ಭಾಷೆ ಕಲಿತ ಹಾಗೆ. "ಒದೀತೇನಮ್ಮ?" ಅಂತ ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ದೀಪ ಹಚ್ಚುವಾಗ ಒಂದು ಸಲ ಕೇಳುತ್ತೇನೆ.

ಇವತ್ತು ಭಾನುವಾರ. ಇದನ್ನು ಬರೆಯಲು ಕೂರುವ ಮುಂಚೆಯೂ ಕೇಳಿ ಬಂದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಮೊದಲು ನನ್ನ ಮುಖ ನೋಡಿದಳು. ಚೆನ್ನಾಗಿ ನೋಡಿದಳು. ಆಮೇಲೆ "ಹೂಂ ಅತ್ತಮ್ಮ" ಅಂದಳು.

ಆ ಹೂಂ ಮಗು ಒದ್ದದ್ದಕ್ಕೋ, ನಾನು ಎದುರಿಗೆ ನಿಂತದ್ದಕ್ಕೋ?